ಬರೀ ಅಂಗಿ ಕಳಿಸುವ ಗೋಲ್‌ಕೀಪರ್

ಜನವರಿ ೯

ಏನೋ, ಕಾಲು ಚಾಚಿಕೊಂಡು ಆರಾಮಾಗಿ ಇದನ್ನು ಓದುತ್ತಾ ಕೂತಿದ್ದೀಯಲ್ಲ, ನಾಲ್ಕು ಸಾಲು ಬರೆಯೋದಕ್ಕೆ ನಿನ್ನ ಕೈಗೇನು ಧಾಡಿ? ಬಸ್ಸಿನ ಪಾರ್ಸಲ್‌ನಲ್ಲಿ ಗಂಟು ಬಂತು. ಬಿಚ್ಚಿದೆ. ಒಂದೊಂದು ಅಂಗಿಯ ಜೇಬಿಗೂ ಕೈ ಹಾಕಿ ನೋಡಿದೆ. ಒಂದರಲ್ಲಿ ಹಲ್ಲುಕಡ್ಡಿ, ಇನ್ನೊಂದರಲ್ಲಿ ಯಾವುದೋ ಹೋಟೆಲಿನ ಬಾಚಣಿಗೆ. ಪತ್ರ ಮಾತ್ರ ಇಲ್ಲ. ನೀನು ಆಡಲು ಹೋದ ದಿನದಿಂದ ನಮ್ಮಿಬ್ಬರ ಪದ್ಧತಿ ಏನು? ನಿನ್ನ ಅಂಗಿಗೆ ನಾನಲ್ಲದೆ ಇನ್ನೊಬ್ಬರು ಇಸ್ತ್ರಿ ಹಾಕುವಂತಿಲ್ಲ. ಬರುವ ಗಂಟಿನ ಜೇಬಿನಲ್ಲಿ ನಿನ್ನ ಪತ್ರ, ಹೋಗುವ ಗಂಟಿನ ಜೇಬಿನಲ್ಲಿ ನನ್ನ ಪತ್ರ. ಬೇರೆ ಯಾರೋ ಇಸ್ತ್ರಿ ಮಾಡಿದ ಜೆರ್ಸಿ ಹಾಕಿಕೊಂಡ ಒಂದೇ ಒಂದು ಆಟದಲ್ಲಿ ನಾಲ್ಕು ಗೋಲು ಬಿಟ್ಟು, ಮೂಗು ಒಡೆದುಕೊಂಡು ಬಂದವನು ನೀನು. ಮರೆತೆಯಾ? ಆಟದಿಂದ ನಿವೃತ್ತಿ ಆಯಿತು, ಸರಿ. ಅಜ್ಜಿಯಿಂದಲೂ ಆಯಿತೇನು?

ಫೋನ್ ಮಾಡಬಹುದಲ್ಲ ಎನ್ನಬೇಡ. ಫೋನಿನಲ್ಲಿ ನೀನು ‘ಹ್ಞೂಂ ಅಜ್ಜಿ, ಹ್ಞೂಂ ಅಜ್ಜಿ, ಯಾರೋ ಬಂದ್ರು ಅಜ್ಜಿ’ ಎಂದು ಓಡಿಹೋಗುತ್ತೀಯ. ಕಾಗದವಾದರೆ ನನ್ನ ಬೈಗುಳ ಮುಗಿಯುವವರೆಗೂ ನಿಂತಿರಲೇಬೇಕು.

ಬಸ್ ನಿಲ್ದಾಣದ ಎದುರು ನಿನ್ನ ಚಿತ್ರ ಹಾಕಿದ್ದಾರೆ. ಹಾಸಿಗೆ ಕಂಪನಿಯದು. ಮನೆಯಷ್ಟು ದೊಡ್ಡ ಬೋರ್ಡು, ಅದರಲ್ಲಿ ನೀನು ಅಂಗಾತ ಮಲಗಿ ಹಲ್ಲು ಕಿರಿಯುತ್ತಿದ್ದೀಯ. ಗೋಲಿನ ಬಾಯಲ್ಲಿ ಮುಚ್ಚಿದ ಕದದ ಹಾಗೆ ನಿಲ್ಲುತ್ತಾನೆ ಎಂದು ಜನ ನಿನಗೆ ‘ಬಾಗಿಲು’ ಎಂದು ಹೆಸರಿಟ್ಟರು. ಅಷ್ಟು ವರ್ಷ ನಿಂತು ಹೆಸರು ಮಾಡಿದವನನ್ನು ಕೊನೆಗೆ ಮಲಗಿಸಿಬಿಟ್ಟರಲ್ಲೋ! ಬಸ್ಸಿಗೆ ಕಾಯುವವರೆಲ್ಲ ನಿನ್ನನ್ನು ನೋಡಿ ಆಕಳಿಸುತ್ತಾರೆ.

ಅದು ಬಿಟ್ಟರೆ ನಿನಗೀಗ ಅಂಗಡಿ ಉದ್ಘಾಟನೆಯೇ ಕೆಲಸವಂತೆ. ನೀನು ಹೊಸ ಅಂಗಡಿಯ ಬಾಗಿಲಲ್ಲಿ ನಿಲ್ಲುವುದು, ಮಾಲೀಕ ಬೀದಿಯಿಂದ ಚೆಂಡು ಒದೆಯುವುದು, ನೀನು ಅದನ್ನು ಹಿಡಿಯುವುದು, ಜನ ಚಪ್ಪಾಳೆ ತಟ್ಟುವುದು, ಆಮೇಲೆ ನೀನು ಪಕ್ಕಕ್ಕೆ ಸರಿದು ಗಿರಾಕಿಗಳನ್ನು ಒಳಗೆ ಬಿಡುವುದು. ಬೇಕರಿಯವನು ಹೇಳಿದ. ಒಳ್ಳೆಯದೇ. ಹಿಡಿದು ತಿನ್ನುವುದು ಕದ್ದು ತಿನ್ನುವುದಕ್ಕಿಂತ ಮೇಲು.

ಆದರೆ ನಿನ್ನ ಅಂಗಿಗಳ ನಡತೆ ನನಗೆ ಸರಿಕಾಣುತ್ತಿಲ್ಲ. ತಲೆಯಿಂದ ತೊಡುವ ಅಂಗಿ ಒಂದೂ ಬರುತ್ತಿಲ್ಲ, ಎಲ್ಲ ಗುಂಡಿಯವು. ಎಡತೋಳು ಒದ್ದೆ ಬಟ್ಟೆ ಹಿಂಡಿದ ಹಾಗೆ ಮುದುಡಿರುತ್ತದೆ. ಬಲತೋಳು ನಾನು ಕಳಿಸಿದ ಹಾಗೇ ಗರಿಗರಿಯಾಗಿ ವಾಪಸು ಬರುತ್ತದೆ, ಮೊಣಕೈ ಹತ್ತಿರ ಮಾತ್ರ ಒಂದು ಮಡಿಕೆ. ನನಗೆ ಗೊತ್ತಾಯಿತು ಬಿಡು. ಬಲಗೈ ಹೊಟ್ಟೆಯ ಮೇಲಿಟ್ಟುಕೊಂಡು ದೊರೆಯ ಹಾಗೆ ಫೋಟೋಕ್ಕೆ ನಿಲ್ಲುತ್ತೀಯ. ಅಲ್ಪನಿಗೆ ಐಶ್ವರ್ಯ ಬಂದರೆ ಏನೋ ಆಯಿತಂತೆ, ಗಾದೆಯ ಉಳಿದರ್ಧ ನಿನಗೇ ಗೊತ್ತು. ಮತ್ತೆ ಆ ಮುಲಾಮಿನ ವಾಸನೆ ಎಲ್ಲಿಯದು?

ಈಗ ಮುಖ್ಯ ವಿಷಯ. ನಮ್ಮ ಬೀದಿಯ ಒಬ್ಬ ಹೆಂಗಸು ಏಪ್ರಿಲ್ ಮೊದಲ ಭಾನುವಾರ ಇಸ್ತ್ರಿ ಅಂಗಡಿ ತೆರೆಯುತ್ತಿದ್ದಾಳೆ. ಬೇಕರಿಯ ಎದುರು ಬೀಗ ರಿಪೇರಿಯವನು ಖಾಲಿ ಮಾಡಿದ ಮಳಿಗೆ. ನನಗೆ ತುಂಬಾ ಬೇಕಾದವಳು. ಬಾಯಿ ಸ್ವಲ್ಪ ಜೋರು, ಕೈ ಶುದ್ಧ. ನೀನು ಬಂದು ಉದ್ಘಾಟನೆ ಮಾಡುತ್ತೀಯ ಎಂದು ಬೀದಿಗೆಲ್ಲ ಹೇಳಿಯಾಗಿದೆ. ಹೇಳಿದ್ದು ಅವಳು, ನಾನಲ್ಲ. ಅದಕ್ಕೆ ಬೇಕರಿಯವನು ಏನಂದ ಗೊತ್ತಾ? “ಅಜ್ಜೀ, ನಿಮ್ಮ ಮೊಮ್ಮಗ ಬರ್ತಾನಾ, ಇಲ್ಲಾ ಯಾವತ್ತಿನ ಹಾಗೆ ಬರೀ ಅಂಗಿ ಬರುತ್ತಾ?” ನಾನು ಬಿಡುತ್ತೇನೆಯೇ? “ನನ್ನ ಮೊಮ್ಮಗನ ಮಾತು ನಿನ್ನ ಬನ್ ಇದ್ದ ಹಾಗೆ ಕಣೋ, ಕಲ್ಲಲ್ಲಿ ಕುಟ್ಟಿದ್ರೂ ಒಡೆಯಲ್ಲ” ಎಂದೆ.

ನನ್ನ ಲಾಂಡ್ರಿ ಕೆಲಸದ ಕಡೆ ಹೇಳುವಂಥದ್ದು ಏನೂ ಇಲ್ಲ.

ಅಜ್ಜಿ


ಫೆಬ್ರುವರಿ ೧

ಅಜ್ಜಿಗೆ ನಮಸ್ಕಾರ.

ಅಂಗಿಗಳು ತಲುಪಿದವು. ಕಾಲರು ಚೆನ್ನಾಗಿ ನಿಂತಿದೆ. ಹೋದ ಸಲ ಗಡಿಬಿಡಿಯಲ್ಲಿ ಪತ್ರ ಇಡುವುದು ಮರೆತುಹೋಯಿತು, ಬೈಯಬೇಡ.

ಮುಲಾಮಿನ ವಾಸನೆ ಏನೂ ಅಲ್ಲ, ಒಂದು ಔಷಧಿ ಅಂಗಡಿಯ ಉದ್ಘಾಟನೆ ಇತ್ತು, ಅಲ್ಲಿ ಸೀಸೆ ಉರುಳಿ ಮೈಮೇಲೆ ಚೆಲ್ಲಿತು. ಗುಂಡಿ ಅಂಗಿ ಯಾಕೆಂದರೆ ಈಗ ನಾನು ಹೋಗುವ ಕಡೆಗಳಲ್ಲಿ ಅದೇ ಮರ್ಯಾದೆ. ನನಗೇನೂ ಆಗಿಲ್ಲ. ಆರೋಗ್ಯವಾಗಿದ್ದೇನೆ. ಜನ ಹೋದಲ್ಲೆಲ್ಲ ಮುತ್ತಿಕೊಳ್ಳುತ್ತಾರೆ, ಆಡುತ್ತಿದ್ದಾಗ ಕೂಡ ಇಷ್ಟು ಇರಲಿಲ್ಲ.

ಏಪ್ರಿಲ್ ಪೂರ್ತಿ ಕೆಲಸ ಇದೆ, ಬರುವುದು ಕಷ್ಟ. ಅಂದ ಹಾಗೆ ಆ ಹೆಂಗಸಿಗೆ ವಯಸ್ಸೆಷ್ಟು? ನಿನಗೆ ಬೇಕಾದವಳು ಎಂದರೆ ಚಿಕ್ಕವಳಿರಲಾರಳು. ಆ ವಯಸ್ಸಿನಲ್ಲಿ ಹೊಸ ಅಂಗಡಿ ಯಾಕಜ್ಜಿ? ಮೊಣಕಾಲಿಗೆ ಎಣ್ಣೆ ತಿಕ್ಕಿಕೊಂಡು ಮನೆಯಲ್ಲಿರಲಿ ಎಂದು ಬುದ್ಧಿ ಹೇಳು. ನಾನು ಎಷ್ಟು ಅಂಗಡಿ ನೋಡಿಲ್ಲ! ಇಂಥವರು ಆಸೆಪಟ್ಟು ತೆರೆಯುತ್ತಾರೆ, ಹಬೆ ಆರುವುದರೊಳಗೆ ಮುಚ್ಚುತ್ತಾರೆ.

ಲಾಂಡ್ರಿಯಲ್ಲಿ ನಿನಗೆ ಕೂರಲು ಕುರ್ಚಿ ಕೊಟ್ಟರೇ? ಹೆಚ್ಚು ಹೊತ್ತು ನಿಲ್ಲಬೇಡ.

ನಿನ್ನ ಮೊಮ್ಮಗ


ಫೆಬ್ರುವರಿ ೧೨

ಪತ್ರ ಬಂತು, ಓದಿದೆ, ಒಲೆಗೆ ಹಾಕೋಣ ಎಂದುಕೊಂಡೆ, ಕಾಗದ ದಪ್ಪಗಿದೆ ಎಂದು ಇಸ್ತ್ರಿ ಮೇಜಿನ ಕಾಲಡಿ ಇಟ್ಟಿದ್ದೇನೆ. ಮೇಜು ಈಗ ಅಲುಗುತ್ತಿಲ್ಲ. ನಿನ್ನ ಮಾತಿನಿಂದ ಇಷ್ಟಾದರೂ ಉಪಯೋಗವಾಯಿತು.

ಆ ಹೆಂಗಸಿಗೆ ಬುದ್ಧಿ ಹೇಳಬೇಕಂತೆ! ಅವಳ ಮೊಣಕಾಲಿನ ಚಿಂತೆ ನಿನಗೆ ಯಾಕೆ? ಅವಳು ಇಡೀ ದಿನ ನಿಂತು ಇಸ್ತ್ರಿ ಮಾಡಿ, ಸಂಜೆ ನಿಂತೇ ಜಗಳವನ್ನೂ ಆಡಬಲ್ಲಳು. ಅವಳು ಮಡಿಸಿದ ಅಂಗಿಯ ಅಂಚಿನಲ್ಲಿ ತರಕಾರಿ ಹೆಚ್ಚಬಹುದು. ನಿನ್ನ ಪತ್ರದ ಆ ನಾಲ್ಕು ಸಾಲನ್ನು ಅವಳಿಗೆ ಓದಿ ಹೇಳಿದೆ. ಅವಳು ಏನಂದಳು ಎಂಬುದನ್ನು ಬರೆಯಲು ನನ್ನ ನಾಲ್ಕನೇ ಕ್ಲಾಸಿನ ಮಾಸ್ತರು ಅಂಥ ಅಕ್ಷರಗಳನ್ನು ಕಲಿಸಿಲ್ಲ.

ಅಕ್ಷರ ಎಂದಾಗ ನೆನಪಾಯಿತು. ನಿನ್ನ ಬರವಣಿಗೆಗೆ ಏನು ಬಂತು? ಕಾಗೆ ಕಾಲು, ಗುಬ್ಬಿ ಕಾಲು. ಸಾಲು ಬೆಟ್ಟ ಹತ್ತಿ ಹಳ್ಳಕ್ಕೆ ಬೀಳುತ್ತದೆ. ಕಂಡಕಂಡವರಿಗೆ ಸಹಿ ಹಾಕಿ ಹಾಕಿ ಕೈ ಕೆಡಿಸಿಕೊಂಡಿದ್ದೀಯ. ಜನ ಮುತ್ತಿಕೊಳ್ಳುತ್ತಾರೆ ಎಂದು ಬೀಗಬೇಡ. ಬೆಲ್ಲ ಇದ್ದ ಕಡೆ ಇರುವೆ, ಬೆಲ್ಲ ಕರಗಿದ ಮೇಲೆ ಅದೇ ಇರುವೆ ಪಕ್ಕದ ಮನೆಗೆ.

ನೀನು ಈ ‘ಬಾಗಿಲು’ ಆದದ್ದು ಹೇಗೆ ಎಂದು ಪತ್ರಿಕೆಯವರು ಕೇಳಿದರೆ ಯಾರ‍್ಯಾರೋ ತರಬೇತಿಯವರ ಹೆಸರು ಹೇಳುತ್ತೀಯ. ನಾನು ಓದಿದ್ದೇನೆ. ಲಾಂಡ್ರಿಯ ಹಿತ್ತಲು ಎಲ್ಲಿ ಹೋಯಿತು? ಸಾಲು ಸಾಲು ಬಿಳಿ ಹಾಸು ಒಣಗುತ್ತಿದ್ದವು, ಆ ಕಡೆಯಿಂದ ಹುಡುಗರು ಚೆಂಡು ಒದೆಯುತ್ತಿದ್ದರು, ಈ ಕಡೆ ನೀನು. ಹಾಸಿನ ಸಂದಿಯಿಂದ ಹೊರಬೀಳುವವರೆಗೂ ಚೆಂಡು ನಿನಗೆ ಕಾಣುತ್ತಿರಲಿಲ್ಲ. ಕಂಡ ಗಳಿಗೆಯಲ್ಲೇ ಹಿಡಿಯಬೇಕು. ದೊಡ್ಡ ದೊಡ್ಡ ಮೈದಾನದಲ್ಲಿ ಎಲ್ಲರೂ ‘ಅದು ಹೇಗೆ ಹಿಡಿದ!’ ಎಂದು ಬಾಯಿ ಬಿಡುತ್ತಿದ್ದರಲ್ಲ, ಅಲ್ಲಿ ಚೆಂಡನ್ನು ಮರೆಮಾಡಲು ಯಾರೂ ಹಾಸು ಕಟ್ಟಿರಲಿಲ್ಲ, ಅದಕ್ಕೆ ಹಿಡಿದೆ.

ಅದಕ್ಕಿಂತ ಮೊದಲು ಹಿಡಿದದ್ದು ನನ್ನ ಚಪ್ಪಲಿ. ತೊಳೆದ ಹಾಸಿನ ಮೇಲೆ ಕೆಸರು ಚೆಂಡಿನ ಮುದ್ರೆ ಬಿದ್ದಾಗಲೆಲ್ಲ ನಾನು ಕಾಲಿಂದ ಚಪ್ಪಲಿ ತೆಗೆದು ಬೀಸುತ್ತಿದ್ದೆ. ನೀನು ಓಡುತ್ತಿರಲಿಲ್ಲ. ತಿರುಗಿ ನಿಂತು, ಬಲಗೈ ಎತ್ತಿ, ಟಪ್ಪನೆ ಹಿಡಿದು, ವಾಪಸು ತಂದು ನನ್ನ ಕಾಲ ಹತ್ತಿರ ಇಡುತ್ತಿದ್ದೆ. “ಇನ್ನೊಂದೂ ಎಸಿ ಅಜ್ಜಿ, ಅಭ್ಯಾಸ ಆಗುತ್ತೆ.” ಅಂಥ ಹುಡುಗನಿಗೆ ಹೊಡೆಯುವುದು ಹೇಗೆ ಹೇಳು.

ಇನ್ನೊಂದು ವಿಷಯ. ನೀಲಿ ಅಂಗಿಯ ತೋಳಿನ ಮಡಿಕೆಯಲ್ಲಿ ಗಾಜಿನ ಚೂರು ಸಿಕ್ಕಿತು. ಬೆರಳು ಕುಯ್ದಿದೆ. ಅದು ಯಾವ ಔಷಧಿ ಅಂಗಡಿಯ ಸೀಸೆಯೋ?

ಏಪ್ರಿಲ್ ಮೊದಲ ಭಾನುವಾರ. ಬರುತ್ತೇನೆ ಎಂದು ಒಂದೇ ಮಾತು ಬರೆ. ಆ ಹೆಂಗಸು ಬೋರ್ಡು ಬರೆಸಿಯಾಗಿದೆ.

ಅಜ್ಜಿ


ಮಾರ್ಚ್ ೨

ಅಜ್ಜಿಗೆ ನಮಸ್ಕಾರ.

ಬೆರಳಿಗೆ ಔಷಧಿ ಹಾಕಿಕೊಂಡೆಯಾ? ಗಾಜಿನ ಚೂರು ಕನ್ನಡಕದ ಅಂಗಡಿಯದು. ಉದ್ಘಾಟನೆಯ ದಿನ ನೂಕುನುಗ್ಗಲಿನಲ್ಲಿ ಯಾರದೋ ಕನ್ನಡಕ ಒಡೆಯಿತು.

ನಾನು ಯೋಚಿಸಿದೆ. ಆ ಹೆಂಗಸಿಗೆ ಬೇಸರವಾಗುವುದು ಬೇಡ. ನನ್ನ ಜಾಗಕ್ಕೆ ಈಗ ಕ್ಲಬ್ಬಿನಲ್ಲಿ ಆಡುತ್ತಿರುವ ಹೊಸ ಗೋಲ್‌ಕೀಪರನನ್ನು ಕಳಿಸುತ್ತೇನೆ. ಎತ್ತರದ ಹುಡುಗ, ಒಳ್ಳೆಯವನು, ನನಗಿಂತ ಚೆನ್ನಾಗಿ ಹಾರುತ್ತಾನೆ. ಅವನಿಗೂ ಜನ ಸೇರುತ್ತಾರೆ.

ಬೀದಿಯವರಿಗೆ ನನ್ನ ನೆನಪು ಹೇಗಿದೆಯೋ ಹಾಗೇ ಇರಲಿ ಅಜ್ಜಿ. ಹಾಸಿನ ಸಾಲು, ಆ ಹಿತ್ತಲು, ಅಷ್ಟು ಸಾಕು. ಬೇಕರಿಯವರಿಗೆ ನಾನು ಕೇಳಿದೆ ಎಂದು ಹೇಳು.

ಲಾಂಡ್ರಿಯ ಬಗ್ಗೆ ನೀನು ಏನೂ ಬರೆಯುವುದಿಲ್ಲ ಯಾಕೆ?

ನಿನ್ನ ಮೊಮ್ಮಗ


ಮಾರ್ಚ್ ೧೪

ಬೇಕರಿಯವನಿಗೆ ನೀನು ಕೇಳಿದೆ ಎಂದು ಹೇಳಲು ಹೋದೆ. ಅದೇ ನನ್ನ ತಪ್ಪು.

ಹಿಟ್ಟಿನ ಕೈ ಒರೆಸಿಕೊಂಡು, “ಅಜ್ಜೀ, ಬನ್ನಿ, ನಿಮಗೊಂದು ತೋರಿಸ್ತೀನಿ, ಬೇಜಾರು ಮಾಡ್ಕೋಬೇಡಿ” ಎಂದು ಫೋನ್ ಹಿಡಿದ. ನೋಡಿದೆ. ಕನ್ನಡಿ ಅಂಗಡಿ. ಕನ್ನಡಕದ ಅಂಗಡಿ ಅಲ್ಲ, ಸುಳ್ಳುಬುರುಕ, ಕನ್ನಡಿ ಅಂಗಡಿ. ನೀನು ಬಾಗಿಲಲ್ಲಿ ನಿಂತಿದ್ದೀಯ. ಡೊಳ್ಳು ಹೊಟ್ಟೆಯ ಮಾಲೀಕ ಚೆಂಡು ಒದೆಯುತ್ತಾನೆ. ಚೆಂಡು ನಿನ್ನ ಬಲಕ್ಕೆ, ತಲೆಯ ಮೇಲೆ, ಮಕ್ಕಳೂ ಹಿಡಿಯುವಂಥದ್ದು. ನೀನು ಎಡಗೈ ತರುವಷ್ಟರಲ್ಲಿ ಅದು ಒಳಗೆ ಹೋಗಿ, ಗೋಡೆಯ ದೊಡ್ಡ ಕನ್ನಡಿ ಝಲ್ ಎಂದಿತು. ಜನ ಹೊಟ್ಟೆ ಹಿಡಿದು ನಕ್ಕರು. ನೀನೂ ನಕ್ಕೆ. ಆಮೇಲೆ ಇನ್ನೊಂದು ತೋರಿಸಿದ, ಪಾತ್ರೆ ಅಂಗಡಿ. ಅಲ್ಲಿ ಒಳಗೆ ಬಕೆಟ್ಟುಗಳನ್ನು ಗೋಪುರದ ಹಾಗೆ ಪೇರಿಸಿಟ್ಟಿದ್ದಾರೆ, ನೀನು ಬಿಟ್ಟ ಚೆಂಡು ಹೋಗಿ ಉರುಳಿಸಲಿ ಎಂದು. “ಈಗ ಹಿಡಿಯೋದಕ್ಕಲ್ಲ ಅಜ್ಜಿ, ಬಿಡೋದಕ್ಕೇ ಕರೀತಾರೆ. ಮೊದಲಿಗಿಂತ ಈಗ್ಲೇ ಜಾಸ್ತಿ ಹೆಸರು. ಪಾಪ, ಬಾಗಿಲಿಗೆ ಗೆದ್ದಲು ಹತ್ತಿದೆ” ಎಂದ.

ನಾನು ಅವನಿಗೆ ಏನೆಂದೆ? “ಅವನು ಬೇಕಂತಲೇ ಬಿಡ್ತಾನೆ ಕಣೋ. ಜನ ನಗಲಿ ಅಂತ. ನಿನ್ನ ಹಾಗೆ ಗೊತ್ತಿಲ್ಲದೆ ಬ್ರೆಡ್ ಸೀಯಿಸೋನಲ್ಲ ಅವನು.” ಅಷ್ಟಂದು ಬಂದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದಲ್ಲ, ಹಾಗೆ.

ನೀನು ನಗುತ್ತಿದ್ದಾಗ ನಿನ್ನ ಕಿವಿ ಕೆಂಪಗಾಗಿತ್ತು. ಶಾಲೆಯಲ್ಲಿ ಎಲ್ಲರೆದುರು ಚಡ್ಡಿ ಹರಿದಾಗಲೂ ನೀನು ಹೀಗೇ ಎಲ್ಲರಿಗಿಂತ ಜೋರಾಗಿ ನಕ್ಕಿದ್ದೆ, ಕಿವಿ ಹೀಗೇ ಕೆಂಪಗಾಗಿತ್ತು. ಬಲಗೈ ಮಾತ್ರ ಗೂಟಕ್ಕೆ ತಗುಲಿಹಾಕಿದ ಛತ್ರಿಯ ಹಾಗೆ ನೇತಾಡುತ್ತಿತ್ತು. ಮನೆಗೆ ಬಂದು ನಿನ್ನ ಅಂಗಿಗಳನ್ನೆಲ್ಲ ಮೇಜಿನ ಮೇಲೆ ಹರಡಿದೆ. ಗರಿಗರಿ ಬಲತೋಳು. ಮೊಣಕೈ ಹತ್ತಿರದ ಮಡಿಕೆ, ಜನ ಇಲ್ಲದಾಗ ಜೋಳಿಗೆ ಕಟ್ಟಿ ಕತ್ತಿಗೆ ನೇತುಹಾಕಿದ ಕೈಯದು. ತಲೆಯಿಂದ ತೊಡಲಾಗದ ಅಂಗಿ. ಮುಲಾಮು. ಎಡಗೈಯಲ್ಲಿ ಗೀಚಿದ ಅಕ್ಷರ. ಜೀವಮಾನವೆಲ್ಲ ಬಟ್ಟೆ ನೋಡಿದವಳು ನಾನು, ಇಷ್ಟು ದಿನ ದೊರೆ ಫೋಟೋಕ್ಕೆ ನಿಂತಿದ್ದಾನೆ ಎಂದುಕೊಂಡೆನಲ್ಲ! ಮಂಕು ಕವಿಯಿತು ಎನ್ನುವುದು ಇದಕ್ಕೇ.

ಸರಿ, ನಿನ್ನ ಬಣ್ಣ ಬಯಲಾಯಿತು. ಈಗ ನನ್ನದು ಕೇಳು.

ಆ ಹೆಂಗಸು ನಾನೇ ಕಣೋ. ಮೊಣಕಾಲಿಗೆ ಎಣ್ಣೆ ತಿಕ್ಕಿಕೊಂಡು ಕೂರಬೇಕಾದವಳು ನಾನೇ. ಲಾಂಡ್ರಿಗೆ ಯಂತ್ರ ಬಂತು. ಅದೊಂದು ಬೊಂಬೆ. ಒದ್ದೆ ಅಂಗಿಯನ್ನು ಅದಕ್ಕೆ ತೊಡಿಸಿದರೆ ಬುಸ್ ಎಂದು ಉಬ್ಬುತ್ತದೆ, ಅಂಗಿ ನೆಟ್ಟಗಾಗುತ್ತದೆ, ಅಷ್ಟೇ. ನನ್ನ ಜಾಗಕ್ಕೆ ಬಂದದ್ದು ತಲೆಯಿಲ್ಲದ ಬೊಂಬೆ! ಬೈದರೆ ಕೇಳಲು ಕಿವಿಯೂ ಇಲ್ಲ. ಎಲ್ಲರೂ ಸೇರಿ ನನಗೊಂದು ಗೋಡೆ ಗಡಿಯಾರ ಕೊಟ್ಟು ಕಳಿಸಿದರು. ಕೆಲಸ ಕಿತ್ತುಕೊಂಡು ಟೈಮು ಕೊಟ್ಟರು. ನಿನಗೆ ಹೇಳಿದರೆ ‘ಬಂದು ನನ್ನ ಜೊತೆ ಇರು’ ಎನ್ನುತ್ತೀಯ. ಹನ್ನೆರಡನೇ ಮಹಡಿಯಲ್ಲಿ ನಾನು ಯಾರ ಜೊತೆ ಜಗಳವಾಡಲಿ, ಪಾರಿವಾಳದ ಜೊತೆಯೇ? ಅದಕ್ಕೆ ಅಂಗಡಿ. ಆದರೆ ಬೊಂಬೆ ಸೋಲಿಸಿದ ಮುದುಕಿಗೆ ಬಟ್ಟೆ ಕೊಡುವವರು ಯಾರು? ಹತ್ತು ಜನ ಬಂದು ಅಂಗಡಿಯ ಒಳಗೆ ಒಮ್ಮೆ ಇಣುಕಿದರೆ ಸಾಕು, ಉಳಿದದ್ದನ್ನು ನನ್ನ ಕೈಯೂ ಬಾಯೂ ನೋಡಿಕೊಳ್ಳುತ್ತವೆ. ಆ ಹತ್ತು ಜನಕ್ಕಾಗಿ ನಿನ್ನ ಹೆಸರು ಹೇಳಿದೆ.

ಆ ಎತ್ತರದ ಹುಡುಗ ಬೇಡ. ಅವನು ನನ್ನ ಅಂಗಿ ತೊಟ್ಟವನಲ್ಲ.

ನಿನ್ನ ಕೈ ಏಳುವುದಿಲ್ಲವಾದರೆ ಏಳದಿರಲಿ. ಅಲ್ಲಿ ಒದೆಯುವವಳು ನಾನು. ಈ ವಯಸ್ಸಿನಲ್ಲಿ ನನ್ನ ಕಾಲಾದರೂ ಎಷ್ಟು ಎದ್ದೀತು? ನಿನ್ನ ಕೈಗೂ ನನ್ನ ಕಾಲಿಗೂ ಸರಿಹೋಯಿತು. ಬಾ.

ಅಜ್ಜಿ


ಮಾರ್ಚ್ ೨೪

ಅಜ್ಜಿ,

ಬರುತ್ತೇನೆ. ‘ಆ ಹೆಂಗಸಿನ’ ಬಗ್ಗೆ ಬರೆದದ್ದನ್ನೆಲ್ಲ ಮೇಜಿನ ಕಾಲಡಿಯಿಂದ ತೆಗೆದು ಒಲೆಗೆ ಹಾಕಿಬಿಡು.

ಕೊನೆಯ ಆಟದಲ್ಲೇ ಭುಜ ಹೋಯಿತು. ಕೈ ಎದೆಯ ಮಟ್ಟಕ್ಕೆ ಬಂದು ನಿಂತುಬಿಡುತ್ತದೆ, ಮೇಲೆ ಹೋಗುವುದಿಲ್ಲ. ಆಪರೇಷನ್ ಮಾಡಿದರೆ ಸರಿಹೋಗಬಹುದು ಎಂದು ಡಾಕ್ಟರು ಹೇಳುತ್ತಾರೆ, ನಾನೇ ಮುಂದೂಡುತ್ತಿದ್ದೇನೆ. ಮಾಡಿದ ಮೇಲೂ ಏಳದಿದ್ದರೆ? ಈಗಲಾದರೆ ಬೇಕೆಂದೇ ಬಿಡುತ್ತಾನೆ ಎಂದು ಜನ ನಗುತ್ತಾರೆ. ಆಮೇಲೆ ನಗುವುದೂ ಇಲ್ಲ, ಅಯ್ಯೋ ಪಾಪ ಎನ್ನುತ್ತಾರೆ. ಅದನ್ನು ನಾನು ತಡೆಯಲಾರೆ.

ಬೇರೆ ಎಲ್ಲಿ ಬಿಟ್ಟರೂ ಪರವಾಗಿಲ್ಲ ಅಜ್ಜಿ, ನಮ್ಮ ಬೀದಿಯಲ್ಲಿ ಬಿಡಲಾರೆ. ಅದಕ್ಕೇ ದಯವಿಟ್ಟು ಹೀಗೆ ಮಾಡು. ಚೆಂಡನ್ನು ಮೇಲಕ್ಕೆ ಒದೆಯಬೇಡ, ನೆಲದ ಮೇಲೇ ಉರುಳಿಸು, ನನ್ನ ಎಡಗೈ ಕಡೆಗೆ. ನನ್ನ ಎಡ ಎಂದರೆ ಎದುರು ನಿಂತ ನಿನಗೆ ಬಲ. ಆ ಮಳಿಗೆಯ ಪಕ್ಕ ಬೀದಿ ನಲ್ಲಿ ಇದೆಯಲ್ಲ, ಆ ಕಡೆ. ನಲ್ಲಿ ನೋಡಿಕೊಂಡು ಒದೆ. ಯಾರಿಗೂ ಹೇಳಬೇಡ, ಬೇಕರಿಯವರಿಗಂತೂ ಬೇಡವೇ ಬೇಡ.

ಹೌದು, ಎಡಗೈಯಲ್ಲೇ ಬರೆದಿದ್ದೇನೆ.

ನಿನ್ನ ಮೊಮ್ಮಗ


ಏಪ್ರಿಲ್ ೧೨

ಬಂದೆ, ಬಿಸಿ ತಾಗಿದವನ ಹಾಗೆ ಮರುದಿನ ಬೆಳಿಗ್ಗೆಯೇ ಓಡಿದೆ. ಒಂದು ವಾರವಾಯಿತು, ಸುದ್ದಿಯಿಲ್ಲ. ಅಂಗಿಯ ಗಂಟನ್ನೂ ಇಲ್ಲೇ ಬಿಟ್ಟು ಹೋಗಿದ್ದೀಯ. ಅದನ್ನು ಈ ಪತ್ರದ ಜೊತೆ ಕಳಿಸಿದ್ದೇನೆ, ಮೊದಲು ಓದು, ಆಮೇಲೆ ತೊಡು.

ಅವತ್ತು ನೀನು ನೋಡಿದ್ದು ಒಂದು ಕಡೆಯಿಂದ. ನಾ ನೋಡಿದ್ದು ಹೇಳುತ್ತೇನೆ, ಕೇಳು.

ನನ್ನ ಕಡೆಯಿಂದ ತಪ್ಪಿಲ್ಲ. ಒಂದು ವಾರ ಮನೆಯ ಹಿತ್ತಲಲ್ಲಿ ಎಲೆಕೋಸು ಒದ್ದು ಅಭ್ಯಾಸ ಮಾಡಿದ್ದೆ. ನಲ್ಲಿ ಕಡೆ, ನೆಲದ ಮೇಲೆ. ಬೀದಿಯೆಲ್ಲ ಸೇರಿತ್ತು. ಬಸ್ಸಿನ ಪಾರ್ಸಲ್ ಆಫೀಸಿನವಳು ಕೂಡ ಅರ್ಧ ದಿನ ರಜೆ ಹಾಕಿ ಬಂದಿದ್ದಳು, ಇಷ್ಟು ವರ್ಷ ಅಂಗಿ ನೋಡಿದ್ದೇನೆ, ಇವತ್ತು ಒಳಗಿನ ಮನುಷ್ಯನನ್ನು ನೋಡೋಣ ಎಂದು. ಬೇಕರಿಯವನು ಬನ್ನಿನ ತಟ್ಟೆ ಹೊತ್ತು ಮುಂದೆಯೇ ನಿಂತಿದ್ದ. “ಅಜ್ಜೀ, ಮೆಲ್ಲಗೆ ಒದೀರಿ, ಬಾಗಿಲು ಹಳೇದು” ಎಂದ. ನೀನು ಕೇಳಿಸಿಕೊಂಡೆ. ನಿನ್ನ ಕಿವಿ ಕೆಂಪಗಾಯಿತು. ಆಗಲೇ ನನಗೆ ಸಿಟ್ಟು ನೆತ್ತಿಗೇರಿದ್ದು. ಅಂದುಕೊಂಡದ್ದಕ್ಕಿಂತ ಜೋರಾಗಿ ಕಾಲು ಬೀಸಿದೆ, ಚೆಂಡಿಗೆ ತುದಿ ಮಾತ್ರ ತಗುಲಿತು.

ಚೆಂಡು ಹೇಳಿದ ಮಾತು ಕೇಳಿತು. ನಲ್ಲಿ ಕಡೆಗೆ, ನೆಲ ಬಿಡದೆ, ಹೊಸ ಸೊಸೆಯ ಹಾಗೆ ಮೆಲ್ಲಗೆ ಹೊರಟಿತು. ಹೇಳಿದ ಮಾತು ಕೇಳದ್ದು ಚಪ್ಪಲಿ. ಅಂಗಡಿಯ ದಿನಕ್ಕೆಂದು ಕೊಂಡ ಹೊಸ ಜೋಡು, ಸ್ವಲ್ಪ ದೊಡ್ಡದಾಗಿತ್ತು. ಕಾಲಿಂದ ಕಳಚಿ ರೆಕ್ಕೆ ಬಂದ ಹಾಗೆ ಮೇಲೆದ್ದು, ನಿನ್ನ ಬಲಕ್ಕೆ, ತಲೆಯ ಮೇಲೆ, ನೆಟ್ಟಗೆ ನನ್ನ ಹೊಸ ಗಾಜಿನ ಬೋರ್ಡಿನ ಕಡೆ ಹಾರಿತು. ನಾನು ಕಣ್ಣು ಮುಚ್ಚಿದೆ.

ಟಪ್ ಎಂದಿತು. ಕಣ್ಣು ಬಿಟ್ಟರೆ ಬೋರ್ಡು ಹಾಗೇ ಇದೆ. ನಿನ್ನ ಬಲಗೈ, ಎದೆಗಿಂತ ಮೇಲೆ ಹೋಗುವುದೇ ಇಲ್ಲ ಎಂದಿದ್ದ ಬಲಗೈ, ಆಕಾಶ ನೋಡುತ್ತಾ ನಿಂತಿದೆ, ತುದಿಯಲ್ಲಿ ನನ್ನ ಚಪ್ಪಲಿ. ಆ ಕಡೆ ಚೆಂಡು ನಿನ್ನ ಎಡಗಾಲಿನ ಪಕ್ಕದಿಂದ ಸಾವಕಾಶವಾಗಿ ಒಳಗೆ ಹೋಗಿ, ಇಸ್ತ್ರಿ ಮೇಜಿನ ಕಾಲಿಗೆ ಮುತ್ತು ಕೊಟ್ಟು ನಿಂತಿತು. ಆಮೇಲೆ ಬೇಕರಿಯವನು ತಟ್ಟೆ ಎಸೆದು “ಗೋಲ್!” ಎಂದು ಕಿರುಚಿದ. ಬೀದಿ ಹುಚ್ಚೆದ್ದು ಕುಣಿಯಿತು. ಬನ್ನುಗಳು ಉರುಳಿದವು, ಒಂದೂ ಒಡೆಯಲಿಲ್ಲ.

ನೀನು “ಅಯ್ಯಮ್ಮಾ!” ಎಂದೆ. ಎಲ್ಲರೂ ಅದನ್ನು ಸಂತೋಷ ಎಂದುಕೊಂಡರು. ಹತ್ತಿರ ಬಂದವಳ ಕಿವಿಯಲ್ಲಿ ನೀನು ಹೇಳಿದ್ದು ನನಗೊಬ್ಬಳಿಗೇ ಗೊತ್ತು: “ಅಜ್ಜೀ, ಕೈ ಇಳಿಸಕ್ಕಾಗ್ತಿಲ್ಲ.”

ವರ್ಷದಿಂದ ಏಳದ ಕೈ ಈಗ ಇಳಿಯುವುದಿಲ್ಲ ಎಂದು ಹಟ ಹಿಡಿದರೆ ನಾನೇನು ಮಾಡಲಿ? “ಹಾಗೇ ನಿಂತ್ಕೊಂಡು ನಗು, ಫೋಟೋ ತೆಗೀತಿದಾರೆ” ಎಂದೆ. ನೀನು ನಿಂತೆ. ಯುದ್ಧ ಗೆದ್ದವರ ಪ್ರತಿಮೆಯ ಹಾಗೆ, ಚಪ್ಪಲಿ ಎತ್ತಿ ಹಿಡಿದು. ಬೀದಿಯವರು ಒಬ್ಬೊಬ್ಬರಾಗಿ ಬಂದು ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡರು. ಪಾರ್ಸಲ್ ಆಫೀಸಿನವಳು ಎರಡು ಸಲ ತೆಗೆಸಿಕೊಂಡಳು. ಆಮೇಲೆ ನಾನು ನಿನ್ನನ್ನು ಪರದೆಯ ಹಿಂದೆ ಎಳೆದುಕೊಂಡು ಹೋಗಿ, ಬಿಸಿ ಬಟ್ಟೆ ಭುಜದ ಮೇಲೆ ಹಾಕಿ, ಗಂಜಿ ಹಾಕಿದ ಕಾಲರನ್ನು ಬಗ್ಗಿಸುವ ಹಾಗೆ ಮೆಲ್ಲಮೆಲ್ಲಗೆ ಕೈ ಇಳಿಸಿದೆ. ನೀನು ಅಳುತ್ತಿದ್ದೆಯೋ ನಗುತ್ತಿದ್ದೆಯೋ ನಾನು ನೋಡಲಿಲ್ಲ, ಹಬೆ ತುಂಬಿತ್ತು.

ಅಂಗಡಿಯ ಸಮಾಚಾರ ಕೇಳು. ಹತ್ತು ಜನ ಇಣುಕಲಿ ಎಂದಿದ್ದೆ. ಈಗ ಬಟ್ಟೆ ಇಡಲು ಜಾಗವಿಲ್ಲ. ಬೋರ್ಡಿನಲ್ಲಿ ಬರೆಸಿದ ಹೆಸರನ್ನು ಯಾರೂ ಓದುವುದೇ ಇಲ್ಲ, ‘ಬಾಗಿಲಿಗೇ ಗೋಲು ಹೊಡೆದ ಅಜ್ಜಿಯ ಅಂಗಡಿ’ ಎಂದೇ ಕೇಳಿಕೊಂಡು ಬರುತ್ತಾರೆ. ಪಕ್ಕದ ಬೀದಿಯ ಚಪ್ಪಲಿ ಅಂಗಡಿಯವನು ಹೊಸ ಮಳಿಗೆಗೆ ನಮ್ಮಿಬ್ಬರನ್ನೂ ಕರೆದಿದ್ದಾನೆ, ನಾನು ಒದೆಯಬೇಕಂತೆ, ನೀನು ಹಿಡಿಯಬೇಕಂತೆ. ಲಾಂಡ್ರಿಯಿಂದಲೂ ಒಬ್ಬ ಬಂದಿದ್ದ. ಬೊಂಬೆ ಮೂರು ಅಂಗಿಯ ಗುಂಡಿ ಕಿತ್ತಿದೆಯಂತೆ. ಕೂರಲು ಕುರ್ಚಿ ಕೊಟ್ಟು, ಗಡಿಯಾರ ನೋಡುತ್ತಾ, ‘ನನಗೆ ಈಗ ಟೈಮಿಲ್ಲ’ ಎಂದು ಕಳಿಸಿದೆ.

ಬೇಕರಿಯವನ ಜೊತೆ ಮಾತ್ರ ದಿನವೂ ಜಗಳ. ಅದು ಗೋಲು, ಬಾಗಿಲು ಮುರಿಯಿತು ಎಂದು ಅವನ ವಾದ. ಮೇಲೆ ಬಂದದ್ದನ್ನು ಹಿಡಿಯುವುದೋ ಕೆಳಗೆ ಬಂದದ್ದನ್ನು ಹಿಡಿಯುವುದೋ, ಎರಡೂ ಒಟ್ಟಿಗೆ ಬಂದರೆ ಕಷ್ಟವಾದದ್ದನ್ನೇ ಹಿಡಿಯುವವನು ಗೋಲ್‌ಕೀಪರ್ ಎಂದು ನನ್ನ ವಾದ. ಆದರೂ ನಿನ್ನನ್ನು ಕೇಳುತ್ತೇನೆ. ಚೆಂಡು ನೀನು ಹೇಳಿದ ಕಡೆಗೇ ಬರುತ್ತಿತ್ತು. ಎಡಗೈ ಚಾಚಿದ್ದರೆ ಸಾಕಿತ್ತು, ನಮ್ಮ ಬೀದಿಯಲ್ಲಿ ನಿನ್ನ ಮಾನ ಉಳಿಯುತ್ತಿತ್ತು. ಅದನ್ನು ಬಿಟ್ಟು ನೋವಿನ ಕೈ ಎತ್ತಿದ್ದು ಯಾಕೆ? ನನ್ನ ಬೋರ್ಡು ಉಳಿಸಲಿಕ್ಕೋ? ಇಲ್ಲಾ ಅಜ್ಜಿಯ ಚಪ್ಪಲಿ ಕಂಡ ಕೂಡಲೇ ಕೈ ತಾನೇ ಎದ್ದಿತೋ? ಬೇಕರಿಯವನಿಗೆ ನಾನು ಮೊದಲನೆಯದು ಎಂದಿದ್ದೇನೆ. ನಿಜ ಏನೆಂದು ನನಗೆ ಮಾತ್ರ ಬರೆ.

ಅವತ್ತು ತೊಟ್ಟಿದ್ದ ಬಿಳಿ ಅಂಗಿ ಎಲ್ಲಕ್ಕಿಂತ ಮೇಲಿದೆ, ನೋಡು. ಬಲ ಕಂಕುಳಲ್ಲಿ ಹೊಲಿಗೆ ಬಿಟ್ಟಿದೆ. ಕೈ ಎತ್ತಿದಾಗ ಹರಿದದ್ದು. ಎಂದೂ ಹರಿದ ಬಟ್ಟೆ ಕಳಿಸಿದವಳಲ್ಲ ನಾನು, ಇದನ್ನು ಮಾತ್ರ ಹೊಲಿದಿಲ್ಲ. ಇಸ್ತ್ರಿ ಮಾಡಿ ಹಾಗೇ ಮಡಿಸಿದ್ದೇನೆ. ಅದನ್ನು ತೆಗೆದುಕೊಂಡು ಹೋಗಿ ಡಾಕ್ಟರ ಮೇಜಿನ ಮೇಲೆ ಹರಡಿ ‘ಇಷ್ಟು ಎದ್ದಿದೆ, ಇನ್ನು ಉಳಿದದ್ದು ನಿಮ್ಮ ಕೆಲಸ’ ಎನ್ನು. ಅಜ್ಜಿಯ ಚಪ್ಪಲಿಗೆ ಎದ್ದ ಕೈ ಡಾಕ್ಟರ ಕತ್ತರಿಗೆ ಏಳದೇ? ಸರಿಹೋದರೆ ತಲೆಯಿಂದ ತೊಡುವ ಅಂಗಿ ಕಳಿಸು, ಹೋಗದಿದ್ದರೆ ಗುಂಡಿ ಅಂಗಿ ಕಳಿಸು. ಇಸ್ತ್ರಿಗೆ ಎರಡೂ ಒಂದೇ. ಅಯ್ಯೋ ಪಾಪ ಎನ್ನುವವರನ್ನು ನನ್ನ ಅಂಗಡಿಗೆ ಕಳಿಸು, ನಾನು ನೋಡಿಕೊಳ್ಳುತ್ತೇನೆ.

ಆಪರೇಷನ್ ಯಾವತ್ತು ಎಂದು ಬರೆ. ಎಡಗೈಯಲ್ಲೇ ಆಗಲಿ, ಕಾಗೆ ಕಾಲೇ ಆಗಲಿ, ಬರುವ ತಿಂಗಳು ಕಣ್ಣು ಬಿಡುವುದರೊಳಗೆ ಉತ್ತರ ನನ್ನ ಕೈ ಸೇರಿರಬೇಕು. ಇಲ್ಲವಾದರೆ ನಾನೇ ಬಸ್ಸು ಹತ್ತುತ್ತೇನೆ. ನೀನು ಹಿಡಿದದ್ದು ಒಂದು ಚಪ್ಪಲಿ, ನೆನಪಿರಲಿ. ಇನ್ನೊಂದು ಇನ್ನೂ ನನ್ನ ಕಾಲಲ್ಲೇ ಇದೆ.

ಅಜ್ಜಿ